ಪಟ ತೆಗೆದಾಯ್ತು, ಕೊಡುವುದು ಯಾವಾಗ?

ಲಾಂಗ್ ವೀಕೆಂಡ್ ಬಂತೆಂದರೆ ಕೋಟ ಪಡುಕರೆಯ ಮರಳಿನ ಮೇಲೆ ಈಗ ಎರಡು ಬಗೆಯ ಜನ ಸಿಗುತ್ತಾರೆ. ಮೊಬೈಲು ಹಿಡಿದು ರೀಲ್ಸ್ ಮಾಡುವವರು ಒಂದು ಬಗೆ. ಕುತ್ತಿಗೆಗೆ ಐವತ್ತು ವರ್ಷ ಹಳೆಯ ಕ್ಯಾಮೆರಾ ನೇತುಹಾಕಿಕೊಂಡು ಅದಕ್ಕೆ ರೀಲು ತುಂಬಿಸುವವರು ಇನ್ನೊಂದು ಬಗೆ. ಎರಡನೆಯವರು ಸಂಖ್ಯೆಯಲ್ಲಿ ಕಮ್ಮಿ, ಹಮ್ಮಿನಲ್ಲಿ ಸ್ವಲ್ಪ ಜಾಸ್ತಿ. ನಾನೂ ಈ ಎರಡನೇ ಗುಂಪಿನವನೇ. ಹಾಗಾಗಿ ಮುಂದಿನದನ್ನು ಹೊರಗಿನವನ ಗೇಲಿ ಅಂತ ಓದಬೇಡಿ, ಒಳಗಿನವನ ತಕರಾರು ಅಂತ ಓದಿಕೊಳ್ಳಿ.

ಆ ಕುತ್ತಿಗೆಯಲ್ಲಿ ನೇತಾಡುವುದು ಹೆಚ್ಚಾಗಿ ಒಂದು ರೇಂಜ್‌ಫೈಂಡರ್. ಹಾಗಂದರೆ ಏನು ಅಂತ ಕೇಳುವವರಿಗೆ ಒಂದು ಸಣ್ಣ ಪ್ರಯೋಗ: ಮೂಗಿನ ಮುಂದೆ ಹೆಬ್ಬೆರಳು ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಆಚೀಚೆ ಜಿಗಿಯುತ್ತದೆ. ಬೆರಳು ಹತ್ತಿರವಿದ್ದಷ್ಟೂ ಜಿಗಿತ ದೊಡ್ಡದು. ಕ್ಯಾಮೆರಾದ ಒಳಗೆ ನಡೆಯುವುದೂ ಇದೇ ಲೆಕ್ಕ. ಮುಂದೆ ಎರಡು ಕಿಟಕಿ, ಒಳಗೆ ತಿರುಗುವ ಒಂದು ಪುಟ್ಟ ಕನ್ನಡಿ. ವ್ಯೂಫೈಂಡರಿನ ನಡುವೆ ಹಳದಿ ಛಾಯೆಯ ಒಂದು ಚೌಕ, ಅದರಲ್ಲಿ ಎದುರಿನ ವಸ್ತು ಎರಡೆರಡಾಗಿ ಕಾಣುತ್ತದೆ. ಲೆನ್ಸಿನ ಬಳೆ ತಿರುಗಿಸುತ್ತಾ ಹೋದರೆ ಎರಡು ಬಿಂಬ ಒಂದರ ಮೇಲೊಂದು ಕೂರುತ್ತವೆ. ಕೂತಿತೋ, ಫೋಕಸ್ ಆಯಿತು. ಅಷ್ಟೇ.

ಇಲ್ಲಿ ನೀವು ಲೆನ್ಸಿನ ಮೂಲಕ ನೋಡುತ್ತಿಲ್ಲ, ಪಕ್ಕದ ಕಿಟಕಿಯಿಂದ ನೋಡುತ್ತಿದ್ದೀರಿ. ಈ ಕ್ಯಾಮೆರಾದ ಒಳ್ಳೆಯದೂ ಕೆಟ್ಟದ್ದೂ ಎರಡೂ ಹುಟ್ಟುವುದು ಇದರಿಂದಲೇ. ಎಸ್‌ಎಲ್‌ಆರ್‌ನಲ್ಲಿ ಮೇಲೆ ಹಾರುವ ಕನ್ನಡಿ ಇರುತ್ತದಲ್ಲ, ಅದು ಇಲ್ಲಿ ಇಲ್ಲ. ಆದ್ದರಿಂದ ಮೈ ಸಣ್ಣದು, ಸದ್ದು ಕಮ್ಮಿ, ಕ್ಲಿಕ್ ಆದ ಕ್ಷಣದಲ್ಲೂ ಕಣ್ಣಿಗೆ ಕತ್ತಲೆ ಕವಿಯುವುದಿಲ್ಲ. ಯಾಶಿಕಾದಂಥ ಕ್ಯಾಮೆರಾದಲ್ಲಿ ಚೌಕಟ್ಟಿನ ಗೆರೆಗಳ ಆಚೆಗೂ ಒಂದಿಷ್ಟು ಜಾಗ ಕಾಣುತ್ತದೆ. ಒಳಗೆ ಬರುವವರು ಯಾರು, ಹೊರಗೆ ಹೋಗುವವರು ಯಾರು ಅಂತ ಮೊದಲೇ ತಿಳಿಯುತ್ತದೆ. ಆದರೆ ಲೆನ್ಸಿನ ಮುಚ್ಚಳ ಹಾಕಿಯೇ ಇದ್ದರೂ ಕಿಟಕಿಯಲ್ಲಿ ಲೋಕವೆಲ್ಲ ಸ್ವಚ್ಛವಾಗಿ ಕಾಣುತ್ತದೆ. ಹಿನ್ನೆಲೆ ಎಷ್ಟು ಮಸುಕಾದೀತು ಅಂತ ಗೊತ್ತಾಗುವುದೇ ಇಲ್ಲ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ಹಳೆಯದಾಗಿ, ಚಂದವಾಗಿ, ಸಣ್ಣದಾಗಿ ಇದ್ದದ್ದೆಲ್ಲ ರೇಂಜ್‌ಫೈಂಡರ್ ಅಲ್ಲ. ರೋಲೈ 35, ಒಲಿಂಪಸ್ ಎಕ್ಸ್‌ಎ2 ಇವುಗಳಲ್ಲಿ ದೂರವನ್ನು ನೀವೇ ಅಂದಾಜು ಮಾಡಿ ಇಡಬೇಕು. ನಮ್ಮ ಮನೆಗಳಲ್ಲಿ ತೊಂಬತ್ತರ ದಶಕದ ಕೊನೆಗೆ ಬಂದ ಕೊಡ್ಯಾಕ್ ಕೆಬಿ 10ಕ್ಕಂತೂ ಫೋಕಸ್ ಎಂಬುದೇ ಇಲ್ಲ, ಎಲ್ಲವನ್ನೂ ಒಂದೇ ಕಣ್ಣಲ್ಲಿ ನೋಡುವ ಸಮದರ್ಶಿ ಅದು.

ಎರಡು ಕ್ಯಾಮೆರಾಗಳ ಬಗ್ಗೆ ಹೇಳುತ್ತೇನೆ, ಎರಡನ್ನೂ ಕೋಟದ ಸುತ್ತಮುತ್ತ ತಿರುಗಾಡಿಸಿದ್ದೇನೆ. ಒಂದು ಯಾಶಿಕಾ ಎಲೆಕ್ಟ್ರೋ 35. 1966ರಲ್ಲಿ ಶುರುವಾದ ಸರಣಿ. ಈಗ ಹೆಚ್ಚು ಸಿಗುವ ಜಿಎಸ್‌ಎನ್ ಮಾದರಿ ಬಂದದ್ದು 1973ರಲ್ಲಿ. 45 ಮಿಲಿಮೀಟರಿನ ಎಫ್ 1.7 ಲೆನ್ಸ್. ಅಪರ್ಚರ್ ನೀವು ಇಡಬೇಕು, ಶಟರಿನ ವೇಗವನ್ನು ಅದೇ ನಿರ್ಧರಿಸುತ್ತದೆ. ಬೆಳಕು ಜಾಸ್ತಿಯಾದರೆ ಕೆಂಪು ಬಾಣ, ಕಮ್ಮಿಯಾದರೆ ಹಳದಿ ಬಾಣ. ತೂಕ ಮುಕ್ಕಾಲು ಕೆಜಿ ಆಸುಪಾಸು. ಇದನ್ನು ‘ಕಾಂಪ್ಯಾಕ್ಟ್’ ಅನ್ನುವುದು ಅಂದಿನ ಎಸ್‌ಎಲ್‌ಆರ್‌ಗಳಿಗೆ ಹೋಲಿಸಿ ತೋರಿಸಿದ ಔದಾರ್ಯ.

ನಿಜವಾಗಿ ಜೇಬಿಗೆ ಹಿಡಿಸುವುದು ಇನ್ನೊಂದು, ಒಲಿಂಪಸ್ ಎಕ್ಸ್‌ಎ. 1979ರದ್ದು, ಯೋಶಿಹಿಸಾ ಮೈತಾನಿ ವಿನ್ಯಾಸ ಮಾಡಿದ್ದು. 1959ರ ಒಲಿಂಪಸ್ ಪೆನ್ ಕೂಡ ಇದೇ ಪುಣ್ಯಾತ್ಮನದ್ದು. 225 ಗ್ರಾಂ ತೂಕ, 35 ಮಿಲಿಮೀಟರಿನ ಎಫ್ 2.8 ಲೆನ್ಸ್. ಮುಂದಿನ ಮುಚ್ಚಳ ಸರಿಸಿದರೆ ಕ್ಯಾಮೆರಾ ತಯಾರು, ಹಾಗಾಗಿ ಮುಚ್ಚಳ ಮರೆಯುವ ಮಾತೇ ಇಲ್ಲ. ಫೋಕಸಿಗೆ ಲೆನ್ಸಿನ ಕೆಳಗೊಂದು ಸಣ್ಣ ಕಡ್ಡಿ. ಶಟರ್ ಗುಂಡಿಯಂತೂ ತಾಗಿದರೆ ಸಾಕು ಅನ್ನುವಷ್ಟು ನಾಜೂಕು. ತಕರಾರು ಏನೆಂದರೆ, ಎರಡು ಕಿಟಕಿಗಳ ನಡುವಿನ ಅಂತರ ಬಹಳ ಕಮ್ಮಿ, ನಡುವಿನ ಚೌಕವೂ ಮಂಕು. ಮೂರ್ಸಂಜೆಯಲ್ಲಿ ಎರಡು ಬಿಂಬ ಕೂಡಿದವೋ ಇಲ್ಲವೋ ಅಂತ ಹೇಳುವುದು ಕಷ್ಟ.

ಬ್ಯಾಟರಿ ವಿಷಯದಲ್ಲಿ ಎಕ್ಸ್‌ಎ ಗೆಲ್ಲುತ್ತದೆ. ಅದಕ್ಕೆ ಬೇಕಾದ ಎರಡು ಗುಂಡಿ ಸೆಲ್ಲು ಯಾವುದೇ ವಾಚ್ ಅಂಗಡಿಯಲ್ಲಿ ಸಿಗುತ್ತವೆ. ಯಾಶಿಕಾಕ್ಕೆ ಬೇಕಾಗಿದ್ದ 5.6 ವೋಲ್ಟಿನ ಪಾದರಸದ ಸೆಲ್ಲು ಯಾವತ್ತೋ ನಿಂತುಹೋಗಿದೆ. ಈಗ 6 ವೋಲ್ಟಿನದಕ್ಕೆ ಅಡಾಪ್ಟರೋ, ಸ್ಪ್ರಿಂಗು ಮತ್ತು ಬೇಗಡೆಯೋ ಸೇರಿಸಿ ಕೆಲಸ ಸಾಗಿಸಬೇಕು. ಯಾಶಿಕಾದ ಒಳಗೆ ಒಂದು ರಬ್ಬರ್ ಪ್ಯಾಡ್ ಇದೆ, ವಯಸ್ಸಾದಂತೆ ಪುಡಿಯಾಗುತ್ತದೆ. ಅದು ಸರಿಯಿದ್ದರೆ ರೀಲು ಮುಂದಕ್ಕೆ ತಳ್ಳುವಾಗ ‘ಟೊಕ್’ ಅಂತ ಒಂದು ಸದ್ದು ಬರಬೇಕು. ಕೊಳ್ಳುವಾಗ ಕಣ್ಣಿಗಿಂತ ಮೊದಲು ಕಿವಿ ಕೊಡಿ. ಆ ಸದ್ದಿಲ್ಲದ ಯಾಶಿಕಾ ಶೋಕೇಸಿಗೆ ಮಾತ್ರ.

ಇನ್ನು ಕೋಟದ ಬೆಳಕು. ಹಳೆಯ ಕ್ಯಾಮೆರಾಗಳ ಬಗ್ಗೆ ಬರೆಯುವವರೆಲ್ಲ ಎಲ್ಲೋ ಮೋಡ ಮುಸುಕಿದ ದೇಶದಲ್ಲಿ ಕೂತು ಬರೆಯುತ್ತಾರೆ, ನಮ್ಮ ಬಿಸಿಲು ಅವರ ಲೆಕ್ಕದಲ್ಲಿಲ್ಲ. 400 ಐಎಸ್ಓ ಫಿಲಂ, ಪಡುಕರೆಯ ಮಧ್ಯಾಹ್ನ, ಕೆಳಗೆ ಹೊಳೆಯುವ ಮರಳು. ಯಾಶಿಕಾದ ಲೆನ್ಸು ಎಫ್ 16ಕ್ಕಿಂತ ಕಿರಿದಾಗುವುದಿಲ್ಲ, ಶಟರು ಸೆಕೆಂಡಿನ 500ರಲ್ಲಿ ಒಂದು ಪಾಲಿಗಿಂತ ಬೇಗ ಮುಚ್ಚುವುದಿಲ್ಲ. ಕೆಂಪು ಬಾಣ ಹತ್ತಿಕೊಂಡೇ ಇರುತ್ತದೆ. ಬಣ್ಣದ ನೆಗೆಟಿವ್ ಒಂದು ಸ್ಟಾಪ್ ಹೆಚ್ಚಿನ ಬೆಳಕನ್ನು ಸಹಿಸಿಕೊಳ್ಳುತ್ತದೆ, ನಿಜ. ಆದರೂ ಕಡಲ ಬದಿಗೆ 100 ಐಎಸ್ಓ ಹಾಕಿ, ಅಥವಾ ಬೆಳಿಗ್ಗೆ ಬಲೆ ಎಳೆಯುವ ಹೊತ್ತಿಗೇ ಹೋಗಿ. ಹತ್ತು ಗಂಟೆಯ ಮೇಲೆ ಅಲ್ಲಿ ಪಟ ತೆಗೆಯಲಿಕ್ಕೆ ಹೆಚ್ಚೇನೂ ಇರುವುದಿಲ್ಲ, ನಿಮ್ಮಂಥವರೇ ಇರುತ್ತಾರೆ.

ಮಳೆಗಾಲ ಇನ್ನೊಂದು ಪರೀಕ್ಷೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರಿನ ಕಪಾಟಿನಲ್ಲಿ ಲೆನ್ಸು ಇಟ್ಟರೆ ಜೇಡನ ಬಲೆಯಂಥ ಬೂಷ್ಟು ಹಿಡಿಯುತ್ತದೆ. ಇದಕ್ಕೆ ಅತಿ ಹೆಚ್ಚು ಸಹಾಯ ಮಾಡುವುದು ಕ್ಯಾಮೆರಾದ ಜೊತೆ ಬರುವ ಆ ಚಂದದ ಚರ್ಮದ ಕವರು. ಚರ್ಮ ತೇವ ಹೀರಿ ಹಿಡಿದುಕೊಳ್ಳುತ್ತದೆ, ಬೂಷ್ಟಿಗೆ ಮನೆ ಕಟ್ಟಿಕೊಡುತ್ತದೆ. ಅಜ್ಜನ ಕಾಲದ ಕ್ಯಾಮೆರಾ ಸಿಕ್ಕಿದರೆ ಮೊದಲು ಕವರಿನಿಂದ ಬಿಡಿಸಿ, ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಮತ್ತೆ ತಿಂಗಳಿಗೊಮ್ಮೆ ಹೊರಗೆ ತೆಗೆದು ಬಳಸಿ. ಬಳಸುವ ಕ್ಯಾಮೆರಾಕ್ಕೆ ಬೂಷ್ಟು ಹಿಡಿಯುವುದು ಕಮ್ಮಿ.

ಆದರೆ ಈ ಕ್ಯಾಮೆರಾದ ನಿಜವಾದ ಯೋಗ್ಯತೆ ಗೊತ್ತಾಗಬೇಕಾದರೆ ಆಟಕ್ಕೆ ಹೋಗಬೇಕು. ಅಮೃತೇಶ್ವರಿ ಮೇಳದ್ದೋ ಸಾಲಿಗ್ರಾಮ ಮೇಳದ್ದೋ ಆಟ ಇದ್ದ ರಾತ್ರಿ, ಅನುಮತಿ ಕೇಳಿ ಚೌಕಿಯ ಒಂದು ಮೂಲೆಯಲ್ಲಿ ಕೂತರೆ ಯಾಶಿಕಾ ತನ್ನ ಹಣ ವಸೂಲಿ ಮಾಡಿಕೊಡುತ್ತದೆ. ಎಲೆಯಂತೆ ಮಡಚಿಕೊಳ್ಳುವ ಲೀಫ್ ಶಟರು, ಎದುರಿಗೆ ಕೂತು ಕನ್ನಡಿ ನೋಡಿಕೊಂಡು ಬಣ್ಣ ಬರೆಯುವವರಿಗೂ ಕೇಳಿಸುವುದಿಲ್ಲ. ಎಫ್ 1.7 ಇರುವುದರಿಂದ ಫ್ಲಾಶಿನ ಹಂಗಿಲ್ಲ. ಮುಂಡಾಸಿನ ಜರಿಪಟ್ಟಿ, ಭುಜಕೀರ್ತಿಯ ಹೊಳಪು, ಕಸೆ ಸೀರೆಯ ಚೌಕುಳಿ ಇವೆಲ್ಲ ಗಟ್ಟಿ ಅಂಚುಗಳು. ಆ ಮಂಕು ಚೌಕದಲ್ಲೂ ಎರಡು ಬಿಂಬ ಕೂಡಿಸಲು ಇಷ್ಟು ಅನುಕೂಲದ ವೇಷ ಬೇರೆ ಇಲ್ಲ.

ರಂಗಸ್ಥಳಕ್ಕೆ ಬಂದರೆ ಯಾಶಿಕಾದ ಸ್ವಯಂಚಾಲಿತ ಬುದ್ಧಿ ಕೈಕೊಡುತ್ತದೆ. ಸುತ್ತ ಕಪ್ಪು ರಾತ್ರಿ, ನಡುವೆ ದೀಪ ಬಿದ್ದ ಒಂದು ಮುಖ. ಮೀಟರು ಆ ಕತ್ತಲೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಶಟರನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆರೆದಿಡುತ್ತದೆ. ಮುಖ ಸುಣ್ಣ ಬಳಿದಂತಾಗುತ್ತದೆ, ಮಂಡಿ ಹಾಕಿ ತಿರುಗುವವರು ಹೊಗೆಯಾಗುತ್ತಾರೆ. ಉಪಾಯ: ಎಎಸ್‌ಎ ಡಯಲನ್ನು ಒಂದು ಮೆಟ್ಟಿಲು ಮೇಲಕ್ಕೆ ತಿರುಗಿಸಿ ಮೀಟರಿಗೆ ಸುಳ್ಳು ಹೇಳುವುದು. ಮತ್ತೆ ಕುಣಿತದ ನಡುವೆ ಕ್ಲಿಕ್ಕಿಸದೆ, ತಿರುಗು ಮುಗಿದು ಹೆಜ್ಜೆ ನಿಲ್ಲುವ ಆ ಅರೆಕ್ಷಣಕ್ಕೆ ಕಾಯುವುದು. ಅದು ಯಾವಾಗ ಬರುತ್ತದೆಂದು ಕ್ಯಾಮೆರಾ ಹೇಳುವುದಿಲ್ಲ, ಚಂಡೆ ಹೇಳುತ್ತದೆ. ತಾಳ ಗೊತ್ತಿಲ್ಲದವರ ಯಕ್ಷಗಾನದ ಪಟ ಎಷ್ಟು ದುಬಾರಿ ಕ್ಯಾಮೆರಾದಲ್ಲಿ ತೆಗೆದರೂ ಅರ್ಧ ತಾಳ ತಪ್ಪಿಯೇ ಇರುತ್ತದೆ.

ಇಲ್ಲಿಯವರೆಗಿನದು ಕ್ಯಾಮೆರಾದ ವಿಮರ್ಶೆ. ಇನ್ನು ಅದರಲ್ಲಿ ನಾವು ತೆಗೆಯುತ್ತಿರುವ ಪಟಗಳದ್ದು.

ಫಿಲಂನಲ್ಲಿ ತೆಗೆದ ಕರಾವಳಿಯ ಪಟಗಳನ್ನು ಇನ್‌ಸ್ಟಾಗ್ರಾಮಿನಲ್ಲಿ ಒಂದು ಗಂಟೆ ನೋಡಿ. ದೋಣಿ. ದೋಣಿಯ ಮೂತಿ. ಬಲೆ ಸರಿಪಡಿಸುವ ಸುಕ್ಕುಗಟ್ಟಿದ ಕೈ. ಬಾಗಿಲಲ್ಲಿ ನಿಂತ ಅಜ್ಜಿ. ಚೌಕಿಯಲ್ಲಿ ಅರ್ಧ ಬಣ್ಣ ಹಚ್ಚಿದ ಮುಖ. ಎಲ್ಲದರ ಮೇಲೂ ಅದೇ ಬೆಚ್ಚಗಿನ ಜೇನು ಬಣ್ಣ. ಆ ಬಣ್ಣ ಪಟ ತೆಗೆದವರದ್ದಲ್ಲ, ಫಿಲಂ ಮಾಡಿದ ಕಂಪನಿಯದ್ದು. ಒಂದು ಪಟ ಹಳತಾಗಿ ಕಾಣುವುದಕ್ಕೂ ಅದು ಬಹಳ ಹೊತ್ತು ನೋಡಿ ತೆಗೆದದ್ದಾಗಿರುವುದಕ್ಕೂ ಸಂಬಂಧವಿಲ್ಲ. ಆದರೆ ನೋಡುವವರಿಗೆ ಎರಡೂ ಒಂದೇ ಅನ್ನಿಸಿಬಿಡುತ್ತದೆ, ತೆಗೆದವರಿಗೂ ಅನ್ನಿಸಿಬಿಡುತ್ತದೆ. ಅಪಾಯ ಇರುವುದು ಇಲ್ಲಿ.

‘ಫಿಲಂ ನಿಧಾನ ಕಲಿಸುತ್ತದೆ, 36 ಪಟ ಮಾತ್ರ ಇರುವುದರಿಂದ ಯೋಚಿಸಿ ತೆಗೆಯುತ್ತೇವೆ’ ಅನ್ನುವುದು ಎಲ್ಲರೂ ಹೇಳುವ ಮಾತು. ಲೆಕ್ಕ ಹಾಕೋಣ. ರೀಲು, ತೊಳೆಸುವುದು, ಸ್ಕ್ಯಾನು, ಕೊರಿಯರು ಎಲ್ಲ ಸೇರಿ 1,400 ರೂಪಾಯಿ ಅಂತ ಇಟ್ಟುಕೊಂಡರೆ ಒಂದು ಕ್ಲಿಕ್ಕಿಗೆ ಸುಮಾರು 39 ರೂಪಾಯಿ. ಬೆಂಗಳೂರಿನಲ್ಲಿ ಒಂದು ಕಾಫಿಗೆ ಇನ್ನೂರು ಮುನ್ನೂರು ಕೊಡುವವರಿಗೆ ಇದು ನಿಧಾನ ಕಲಿಸುವ ಮೊತ್ತವೇನಲ್ಲ. ಕಮ್ಮಿ ಪಟ ತೆಗೆಯುವುದು ಜಿಪುಣತನವೂ ಆಗಬಹುದು, ಗಮನವೂ ಆಗಬಹುದು. ಯಾವುದೆಂದು ರೀಲು ನಿರ್ಧರಿಸುವುದಿಲ್ಲ.

ಇನ್ನೊಂದು ವಿಷಯ. ನಾವು ‘ಫಿಲಂ ಫೋಟೋ’ ಅನ್ನುವುದು ಬಹುಪಾಲು ಲ್ಯಾಬಿನವರು ಕಳಿಸುವ ಒಂದು ಲಿಂಕು. ಡೌನ್‌ಲೋಡ್ ಮಾಡುತ್ತೇವೆ, ಹಾಕುತ್ತೇವೆ, ಲೈಕು ಬರುತ್ತದೆ. ಲಿಂಕಿನ ಆಯುಷ್ಯ ಮುಗಿಯುತ್ತದೆ. ನೆಗೆಟಿವ್ ವಾಪಸು ಕೇಳಿ ತರಿಸಿಕೊಳ್ಳುವವರು ಎಷ್ಟು ಜನ? ಪ್ರಿಂಟು ಹಾಕಿಸುವವರು? ಕ್ಯಾಮೆರಾವನ್ನು ಮಾತ್ರ ಹಿಂದಿನ ಕಾಲದಿಂದ ಎಳೆದು ತಂದಿದ್ದೇವೆ; ಆ ಕಾಲದಲ್ಲಿ ಅದು ಮಾಡುತ್ತಿದ್ದ ಕೆಲಸವನ್ನು ಅಲ್ಲೇ ಬಿಟ್ಟು ಬಂದಿದ್ದೇವೆ.

ಆ ಕೆಲಸ ಏನಿತ್ತು? ಕೋಟ, ಸಾಲಿಗ್ರಾಮ, ಪಾರಂಪಳ್ಳಿಯ ಕಡೆಯಿಂದ ಜನ ಹೋಟೆಲು ಕೆಲಸಕ್ಕೆ ಊರು ಬಿಟ್ಟು ಹೋದದ್ದು ಇವತ್ತು ನಿನ್ನೆಯಲ್ಲ. ಬೆಂಗಳೂರಿನ ಎಂಟಿಆರ್ ಶುರುಮಾಡಿದ ಪಾರಂಪಳ್ಳಿಯ ಮೈಯ ಸೋದರರ ಕಾಲ 1924. ಮುಂಬಯಿ, ಹೈದರಾಬಾದು, ಆಮೇಲೆ ಗಲ್ಫು. ಹೋದವರಿಗೂ ಉಳಿದವರಿಗೂ ನಡುವೆ ಓಡಾಡುತ್ತಿದ್ದದ್ದು ಕಾಗದ, ಕಾಗದದೊಳಗೆ ಮಡಚದೆ ಇಟ್ಟ ಒಂದು ಪಟ. ಮಗುವಿಗೆ ವರ್ಷ ತುಂಬಿದ್ದು, ಹೊಸ ಮನೆಗೆ ಹಂಚು ಹೊದೆಸಿದ್ದು, ಅಜ್ಜಯ್ಯ ಇನ್ನೂ ಗಟ್ಟಿಯಾಗಿರುವುದು. ಫೋಕಸ್ ಅಷ್ಟಕ್ಕಷ್ಟೇ, ತಲೆ ಅರ್ಧ ಕತ್ತರಿಸಿದ್ದೂ ಇರುತ್ತಿತ್ತು. ಆದರೆ ಪ್ರತಿ ಪಟಕ್ಕೂ ಒಂದು ವಿಳಾಸ ಇತ್ತು. ಇಂಥವರಿಗೆ ಅಂತಲೇ ತೆಗೆದದ್ದು. ಆ ಆಲ್ಬಮ್ಮುಗಳಲ್ಲಿ ಎಷ್ಟೋ ಈಗ ಬೂಷ್ಟು ಹಿಡಿದು ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿವೆ. ಬಿಡಿಸಲು ಹೋದರೆ ಮುಖವೇ ಕಿತ್ತುಬರುತ್ತದೆ.

ಪಡುಕರೆಯಲ್ಲಿ ಕ್ಯಾಮೆರಾ ಎತ್ತಿದ ತಕ್ಷಣ ಮಕ್ಕಳು ಓಡಿಬಂದು ಕೇಳುವುದು ಒಂದೇ: “ಹ್ವಾಯ್, ತೋರ್ಸಿ ಕಾಂಬ.” ಇದರಲ್ಲಿ ಈಗಲೇ ಕಾಣುವುದಿಲ್ಲ, ತೊಳೆಸಬೇಕು ಅಂದರೆ ಅವರ ಮುಖದ ಮೇಲೆ ಒಂದು ಅನುಮಾನ ಮೂಡುತ್ತದೆ. ಆ ಅನುಮಾನ ನ್ಯಾಯವಾದದ್ದು. ಈ ಒಂದು ವಿಷಯದಲ್ಲಿ ಮೊಬೈಲು ನಮ್ಮ ಚಂದದ ಜಪಾನೀ ಯಂತ್ರಕ್ಕಿಂತ ದೊಡ್ಡ ಮನುಷ್ಯ. ತೆಗೆದ, ತೋರಿಸಿದ, ಬೇಕೆಂದರೆ ವಾಟ್ಸಾಪ್ ಮಾಡಿದ, ಮುಗಿಯಿತು ಲೆಕ್ಕ. ಫಿಲಂ ಕ್ಯಾಮೆರಾ ಹಿಡಿದವರು ಪ್ರತಿ ಕ್ಲಿಕ್ಕಿಗೂ ಒಂದು ಸಾಲ ಮಾಡಿರುತ್ತಾರೆ. ಆ ಸಾಲ ತೀರಿಸದೆ ಬೆಂಗಳೂರಿನ ಬಸ್ಸು ಹತ್ತುವುದಾದರೆ, ‘ಫಿಲಂನಲ್ಲಿ ಹೆಚ್ಚು ಮಾನವೀಯತೆ ಇದೆ’ ಅನ್ನುವ ಮಾತನ್ನು ಮುಂದಿನ ಪೋಸ್ಟಿನ ಕ್ಯಾಪ್ಷನ್ನಿನಿಂದ ತೆಗೆದುಬಿಡುವುದು ಒಳ್ಳೆಯದು.

ತೀರಿಸಲು ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. ಚೌಕಿಯಲ್ಲಿ ತೆಗೆದ ಪಟಗಳನ್ನು 4x6 ಪ್ರಿಂಟು ಹಾಕಿಸಿ, ಎರಡು ತಿಂಗಳ ಮೇಲೆ ಅದೇ ಮೇಳದ ಇನ್ನೊಂದು ಆಟಕ್ಕೆ ಒಯ್ದಿದ್ದೆ. ಹಿರಿಯ ಕಲಾವಿದರೊಬ್ಬರು ಒಂದೊಂದಾಗಿ ತಿರುವಿ ನೋಡಿದರು. ಅರ್ಧ ಬಣ್ಣದ ಮುಖದ ಕ್ಲೋಸಪ್ಪು, ಅಂದರೆ ನಮ್ಮಂಥವರೆಲ್ಲ ಮುಗಿಬಿದ್ದು ತೆಗೆಯುವ ಆ ಪಟ, ಅದನ್ನು ಹಿಂದಕ್ಕೆ ಕೊಟ್ಟು “ಇದ್ ನಾನೂ ಅಲ್ಲ, ವೇಷವೂ ಅಲ್ಲ ಮಾರಾಯ್ರೆ” ಅಂದರು. ಪೂರ್ತಿ ವೇಷ ಕಟ್ಟಿ, ಎದೆಯುಬ್ಬಿಸಿ ನಿಂತ, ನಮ್ಮ ಕಣ್ಣಿಗೆ ತೀರಾ ಮಾಮೂಲಿ ಅನ್ನಿಸುವ ಪಟವನ್ನು ಎತ್ತಿಕೊಂಡರು. ಅರ್ಧ ಬಣ್ಣದ್ದು ನನಗೆ ಈಗಲೂ ಇಷ್ಟ, ಅದು ಬೇರೆ ಮಾತು. ಆದರೆ ಇಷ್ಟು ಚುರುಕಾದ ವಿಮರ್ಶೆಯನ್ನು ಯಾವ ಕಮೆಂಟ್ ಬಾಕ್ಸಿನಲ್ಲೂ ನಾನು ಓದಿಲ್ಲ. ಮೂವತ್ತು ವರ್ಷ ವೇಷ ಕಟ್ಟಿದವರಿಗೆ ತಾನು ಯಾವಾಗ ‘ಆಗುತ್ತೇನೆ’ ಅನ್ನುವುದು ಗೊತ್ತಿದೆ. ಆಗುವ ಮೊದಲಿನದ್ದನ್ನು ಕದ್ದು ನೋಡುವುದರಲ್ಲಿ ಸುಖಪಡುವುದು ಹೊರಗಿನವರ ಕಣ್ಣು. ಆ ರಾತ್ರಿ ಚೌಕಿಯಲ್ಲಿ ನಾನು ಎಲ್ಲಿ ಕೂರಬಹುದು ಅಂತ ಅವರೇ ಜಾಗ ತೋರಿಸಿದರು. ಎರಡನೇ ರೀಲು ಮೊದಲಿನದ್ದಕ್ಕಿಂತ ಬೇರೆಯೇ ಆಗಿತ್ತು.

ರೇಂಜ್‌ಫೈಂಡರಿನ ಅತಿ ದೊಡ್ಡ ಗುಣ ಯಾವುದು ಅಂತ ಕೇಳಿದರೆ ಈಗ ನಾನು ಲೆನ್ಸನ್ನೂ ಹೇಳುವುದಿಲ್ಲ, ಶಟರನ್ನೂ ಹೇಳುವುದಿಲ್ಲ. ಪ್ರಾಮಾಣಿಕವಾಗಿ ಬಳಸಿದರೆ ಅದು ನಿಮ್ಮನ್ನು ಎರಡನೇ ಸಲ ಕಳಿಸುತ್ತದೆ. ಮೊದಲ ಸಲ ಹೋದವರು ಪ್ರವಾಸಿಗರು, ಪ್ರಿಂಟು ಹಿಡಿದು ಮತ್ತೆ ಹೋದವರು ಪರಿಚಯದವರು. ಮೊಬೈಲಿಗೆ ಈ ಗುಣ ಇಲ್ಲ, ಅದರ ಲೆಕ್ಕ ಅಲ್ಲಲ್ಲೇ ಚುಕ್ತಾ.

ಕ್ಯಾಮೆರಾವನ್ನು ಆಟಿಕೆಯಂತೆ ನೋಡದಿದ್ದವರು ಈ ಮಣ್ಣಿನಲ್ಲೇ ಇದ್ದರು. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು 1930ರ ಆಸುಪಾಸಿನಲ್ಲಿ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಿ ಚಿತ್ರ ಮಾಡಲು ಹೊರಟವರು. ಯಕ್ಷಗಾನದ ಬಗ್ಗೆ ಅವರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಂದೇ ಆಟವನ್ನು ಜೀವಮಾನವಿಡೀ ಮತ್ತೆ ಮತ್ತೆ ಹೋಗಿ ನೋಡಿದವರು ಅವರು. ಕೋಟತಟ್ಟಿನ ಕಾರಂತ ಥೀಮ್ ಪಾರ್ಕಿಗೆ ಹೋಗಿ ಸೆಲ್ಫಿ ತೆಗೆದುಕೊಳ್ಳುವ ನಾವು ಈ ‘ಮತ್ತೆ ಮತ್ತೆ’ಯನ್ನು ಅಲ್ಲಿಂದ ಕಲಿಯಬಹುದಿತ್ತು. ಮೈಸೂರಿನ ಟಿ.ಎಸ್. ಸತ್ಯನ್ ಅವರ ಪಟಗಳನ್ನು ನೋಡಿ. ದೊಡ್ಡವರನ್ನೂ ತೆಗೆದರು, ಆದರೆ ನೆನಪಲ್ಲಿ ನಿಲ್ಲುವುದು ಹೆಸರಿಲ್ಲದ ಸಾಮಾನ್ಯರು ಮತ್ತು ಮಕ್ಕಳು. 1979ರ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಪಟಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನ ಕಂಡವು. ಅವುಗಳ ಮುಂದೆ ನಿಂತಾಗ ಯಾವ ಕ್ಯಾಮೆರಾ, ಯಾವ ಲೆನ್ಸು ಅಂತ ಕೇಳಬೇಕು ಅನ್ನಿಸುವುದಿಲ್ಲ. ನಮ್ಮ ಪಟಗಳ ಕೆಳಗೆ ಮೊದಲು ಬರುವ ಪ್ರಶ್ನೆಯೇ ಅದು. ವ್ಯತ್ಯಾಸ ಎಲ್ಲಿದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಕೊಳ್ಳಬೇಕಾ, ಬೇಡವಾ? ಹೊಸ ರೇಂಜ್‌ಫೈಂಡರ್ ಬೇಕೆಂದರೆ ಲೈಕಾ 2022ರಲ್ಲಿ ಎಂ6 ಅನ್ನು ಮತ್ತೆ ತಂದಿದೆ, ಅದರ ಬೆಲೆಗೆ ಇಲ್ಲೊಂದು ಕಾರು ಹುಡುಕಬಹುದು. ಅದನ್ನು ಬಿಡಿ. ಜೇಬಿನಲ್ಲಿಟ್ಟು ದಿನಾ ಓಡಾಡಲು ಎಕ್ಸ್‌ಎ. ರಾತ್ರಿ ಆಟಕ್ಕೆ, ಮನೆಯೊಳಗಿನ ಮಂದ ಬೆಳಕಿಗೆ ಯಾಶಿಕಾ. ಎರಡೂ ಹಳೆಯ ಮಾಲು, ಸರಿಮಾಡುವ ಕೈಗಳು ಕಮ್ಮಿಯಾಗುತ್ತಿವೆ, ಹಾಗಾಗಿ ಒಂದು ರೀಲು ಹಾಕಿ ನೋಡುವ ಮೊದಲು ಪೂರಾ ದುಡ್ಡು ಕೊಡಬೇಡಿ. ಕಪ್ಪು ಬಿಳುಪು ರೀಲನ್ನು ಮನೆಯಲ್ಲೇ ತೊಳೆಯುವುದು ಕಲಿತರೆ ಖರ್ಚು ಇಳಿಯುತ್ತದೆ. ಆದರೆ ಪುಸ್ತಕದಲ್ಲಿ ಬರೆದ 20 ಡಿಗ್ರಿ ನೀರು ನಮ್ಮೂರಿನ ಏಪ್ರಿಲ್‌ನಲ್ಲಿ ನಲ್ಲಿಯಿಂದ ಬರುವುದಿಲ್ಲ, ಬಕೆಟಿಗೆ ಐಸು ಹಾಕಿಕೊಳ್ಳಿ. ನೆಗೆಟಿವನ್ನು ತೇವ ತಾಗದ ಹಾಗೆ ಜೋಪಾನವಾಗಿ ಇಡಿ.

ಮತ್ತೆ ಬಜೆಟ್ಟಿನಲ್ಲಿ ಒಂದು ಸಾಲು ಸೇರಿಸಿ. ಪ್ರತಿ ರೀಲಿಗೆ ಹತ್ತು ಪ್ರಿಂಟು, ಒಂದು ಲಕೋಟೆ, ವಾಪಸು ಹೋಗಿಬರುವ ಬಸ್ ಚಾರ್ಜು. ಇದನ್ನು ಭರಿಸುವ ಮನಸ್ಸಿಲ್ಲದಿದ್ದರೆ ಮೊಬೈಲೇ ಸಾಕು, ಅದರಲ್ಲಿ ಏನೂ ಕೊರತೆಯಿಲ್ಲ, ಪಟ ತೆಗೆಸಿಕೊಂಡವರಿಗೂ ಬೇಗ ಸಿಗುತ್ತದೆ.